ಸ್ಟೋಯಿಕರೂ ನಮ್ಮ ಚತುರ್ಥಿ ವಿಭಕ್ತಿಯೂ

ಗ್ರೀಸಿನ ಸ್ಟೋಯಿಕ್ ದಾರ್ಶನಿಕರಿಗೆ ಕನ್ನಡದಲ್ಲಿ ಎರಡು ತೆರನ ದುರ್ಗತಿ ಒದಗಿದೆ. ಒಂದು ಪುಸ್ತಕದಂಗಡಿಯಲ್ಲಿ. ಅಲ್ಲಿ ಅವರನ್ನು ಮನಶ್ಶಾಂತಿಯ ಗುಳಿಗೆ ಮಾರುವ ವೈದ್ಯರನ್ನಾಗಿ ಕೂರಿಸಿದ್ದಾರೆ. ಗುಳಿಗೆಯೂ ಒಂದೇ: ನಿನ್ನ ಕೈಯಲ್ಲಿಲ್ಲದ್ದಕ್ಕೆ ಕೊರಗಬೇಡ. ನೌಕರಿ ಹೋದವನಿಗೂ ಅದೇ, ಮಗ ಮಾತು ಕೇಳದವನಿಗೂ ಅದೇ. ಇನ್ನೊಂದು ದುರ್ಗತಿ ನಮ್ಮ ವಿಮರ್ಶಾ ಲೇಖನಗಳಲ್ಲಿ. ಅಲ್ಲಿ ದೆಲ್ಯೂಝ್, ಫೂಕೋ ಮೊದಲಾದ ಫ್ರೆಂಚ್ ಹೆಸರುಗಳು ಮೆರವಣಿಗೆ ಹೊರಟಾಗ ಹಿಂದಿನಿಂದ ಛತ್ರ ಹಿಡಿದು ಬರುವ ಆಳುಗಳಂತೆ ಸ್ಟೋಯಿಕರು ಒಂದು ವಾಕ್ಯದಲ್ಲಿ ಕಾಣಿಸಿಕೊಂಡು ಮರೆಯಾಗುತ್ತಾರೆ. ಫ್ರೆಂಚರು ಅವರಿಂದ ಪಡೆದದ್ದೇನು, ಏಕೆ ಪಡೆದರು ಎಂಬುದನ್ನು ಲೇಖಕರು ಹೇಳುವುದಿಲ್ಲ. ಓದುಗರೂ ಕೇಳುವುದಿಲ್ಲ, ಪಾಪ. ಅಷ್ಟು ದೊಡ್ಡ ಹೆಸರುಗಳ ಮುಂದೆ ಬಾಯಿ ಬಿಡುವವರಾರು?

ಈ ಎರಡು ಕಡೆಯೂ ಕೈಬಿಟ್ಟುಹೋದದ್ದು ಒಂದೇ ವಸ್ತು. ಸ್ಟೋಯಿಕರೇ ತಮ್ಮ ದರ್ಶನವನ್ನು ಒಂದು ಹೊಲಕ್ಕೆ ಹೋಲಿಸಿಕೊಂಡಿದ್ದರು. ತರ್ಕವು ಹೊಲದ ಬೇಲಿ, ನೀತಿಯು ಬೆಳೆ, ವಿಶ್ವದ ಸ್ವರೂಪವನ್ನು ಕುರಿತ ವಿಚಾರವು ಮಣ್ಣು. ಪುಸ್ತಕದಂಗಡಿಯವರಿಗೆ ಬೆಳೆ ಬೇಕು, ಮಣ್ಣು ಬೇಡ. ವಿಮರ್ಶಕರಿಗೆ ಬೇಲಿಯ ಒಂದೆರಡು ಗೂಟ ಸಾಕು, ತಮ್ಮ ಪ್ರಬಂಧಕ್ಕೆ ಊರುಗೋಲಾಗಿ. ಮಣ್ಣನ್ನು ಮುಟ್ಟಿ ನೋಡುವ ಉಸಾಬರಿ ಯಾರಿಗೂ ಬೇಡವಾಗಿದೆ. ಅದಕ್ಕೆ ಅವರು ಕೊಡುವ ಕಾರಣವೆಂದರೆ, ಆ ವಿಚಾರ ಬಹು ಕಠಿಣ, ಕನ್ನಡದ ಹದಕ್ಕೆ ಬಾರದು ಎಂಬುದು. ನನ್ನ ತಕರಾರು ಇರುವುದು ಈ ಕಾರಣದ ಮೇಲೆಯೇ. ಕಠಿಣವೆಂಬುದು ನಿಜ. ಕನ್ನಡಕ್ಕೆ ಬಾರದು ಎಂಬುದು ಶುದ್ಧ ಸುಳ್ಳು. ಇಂಗ್ಲಿಷಿಗಿಂತ ಕನ್ನಡಕ್ಕೆ ಅದು ಹತ್ತಿರವೆಂದು ತೋರಿಸಬಲ್ಲೆ.

ಮೊದಲು ಈ ಜನರ ಪರಿಚಯ. ಸೈಪ್ರಸ್ ದ್ವೀಪದ ಝೀನೋ ಎಂಬಾತ ಕ್ರಿ. ಪೂ. 300ರ ಸುಮಾರಿಗೆ ಅಥೆನ್ಸಿನಲ್ಲಿ ಚಿತ್ರ ಬರೆದ ಗೋಡೆಗಳ ಒಂದು ಸಾರ್ವಜನಿಕ ಪಡಸಾಲೆಯಲ್ಲಿ ಪಾಠ ಹೇಳತೊಡಗಿದ. ಗ್ರೀಕಿನಲ್ಲಿ ಅಂಥ ಪಡಸಾಲೆಗೆ ‘ಸ್ಟೋಆ’ ಎಂದು ಹೆಸರು. ಹೀಗಾಗಿ ಇವರು ಸ್ಟೋಯಿಕರು, ಎಂದರೆ ಪಡಸಾಲೆಯವರು. ಝೀನೋವಿನ ಬಳಿಕ ಕ್ಲಿಯಾಂಥಿಸ್, ಅವನ ಬಳಿಕ ಕ್ರಿಸಿಪ್ಪಸ್. ಈ ಕ್ರಿಸಿಪ್ಪಸನು 705ಕ್ಕೂ ಹೆಚ್ಚು ಗ್ರಂಥ ಬರೆದನೆಂದು ಪ್ರಾಚೀನ ಚರಿತ್ರಕಾರ ಡಯೊಜನಿಸ್ ಲೇರ್ಷಿಯಸ್ ಲೆಕ್ಕ ಕೊಟ್ಟಿದ್ದಾನೆ. ಒಂದೂ ಇಡಿಯಾಗಿ ಉಳಿದಿಲ್ಲ. ಉಳಿದದ್ದು ವಿರೋಧಿಗಳು ಖಂಡಿಸುವುದಕ್ಕಾಗಿ ಎತ್ತಿಕೊಂಡ ಚೂರುಗಳು. ನಮ್ಮ ಚಾರ್ವಾಕರ ಪಾಡೂ ಇದೇ ಅಲ್ಲವೆ? ಜನರಿಗೆ ಗೊತ್ತಿರುವ ಸೆನೆಕ, ಗುಲಾಮನಾಗಿ ಬಾಳಿದ ಎಪಿಕ್ಟೀಟಸ್, 161ರಿಂದ 180ರವರೆಗೆ ರೋಮನ್ನಾಳಿದ ಮಾರ್ಕಸ್ ಅರೇಲಿಯಸ್, ಇವರೆಲ್ಲ ಮುನ್ನೂರು ನಾನ್ನೂರು ವರ್ಷ ತಡವಾಗಿ ಬಂದವರು, ಬೆಳೆ ಕೊಯ್ದವರು. ಉತ್ತವರು ಹಿಂದಿನವರು.

ಆ ಹಿಂದಿನವರ ಮೂಲಸಿದ್ಧಾಂತ ಹೀಗಿದೆ: ಇರುವುದೆಲ್ಲ ಕಾಯವೇ. ಯಾವುದು ಮತ್ತೊಂದರ ಮೇಲೆ ಕೆಲಸ ಮಾಡಬಲ್ಲುದೋ, ಅಥವಾ ಮತ್ತೊಂದರ ಕೆಲಸಕ್ಕೆ ಒಳಗಾಗಬಲ್ಲುದೋ, ಅದು ಕಾಯ. ಅದೇ ‘ಇದೆ’ ಎನ್ನಿಸಿಕೊಳ್ಳಲು ಯೋಗ್ಯ. ಕಲ್ಲು ಮಣ್ಣು ಸರಿಯೆ. ಆತ್ಮವೂ ಕಾಯ, ಏಕೆಂದರೆ ನಾಚಿಕೆಯಾದರೆ ಮುಖ ಕೆಂಪಾಗುತ್ತದೆ, ಮೈಗೆ ಪೆಟ್ಟಾದರೆ ಆತ್ಮ ನರಳುತ್ತದೆ. ಸದ್ಗುಣ ದುರ್ಗುಣಗಳೂ ಕಾಯಗಳು. ದೇವರೂ ಕಾಯ, ಜಗತ್ತನ್ನೆಲ್ಲ ಒಳಗಿನಿಂದ ಬಿಗಿಹಿಡಿದ ಒಂದು ಬೆಚ್ಚನೆಯ ಉಸಿರು. ಒಂದು ಹನಿ ಮದ್ಯ ಕಡಲಿಗೆ ಬಿದ್ದರೆ ಕಡಲನ್ನೆಲ್ಲ ವ್ಯಾಪಿಸುವುದೆಂದು ಕ್ರಿಸಿಪ್ಪಸ್ ಹೇಳಿದ. ಹಾಗೆ ಕಾಯದೊಳಗೆ ಕಾಯ ಪೂರ್ತಿ ಬೆರೆತು ನಿಲ್ಲುತ್ತದೆ.

ಇದನ್ನು ಕೇಳಿ ನಗುವವರುಂಟು. ಸದ್ಗುಣ ಕಾಯವಂತೆ! ಆದರೆ ಕನ್ನಡದ ವಿದ್ಯಾರ್ಥಿ ನಗಬೇಕಾಗಿಲ್ಲ. 941ರಲ್ಲಿ ಪಂಪ ಆದಿಪುರಾಣವನ್ನು ಬರೆದದ್ದು ಯಾವ ದರ್ಶನದ ಆಸರೆಯಲ್ಲಿ? ಜೈನರಿಗೆ ಕರ್ಮವೆಂಬುದು ಬರಿಯ ಲೆಕ್ಕಪತ್ರವಲ್ಲ. ಅದು ಪುದ್ಗಲ, ಜಡದ್ರವ್ಯದ ಸೂಕ್ಷ್ಮ ಕಣ, ಜೀವಕ್ಕೆ ಧೂಳಿನಂತೆ ಅಂಟಿಕೊಳ್ಳುವಂಥದು. ಕೋಪಕ್ಕೂ ಲೋಭಕ್ಕೂ ತೂಕವುಂಟೆಂದು ಒಪ್ಪಿಕೊಂಡು ನಮ್ಮ ಆದಿಕಾವ್ಯಗಳನ್ನು ಓದುತ್ತೇವೆ. ಇನ್ನೂ ಒಂದು ಮಾತುಂಟು. ಜೈನರು ಐದು ದ್ರವ್ಯಗಳನ್ನು ಅಸ್ತಿಕಾಯಗಳೆಂದು ಎಣಿಸಿ, ಕಾಲವನ್ನು ಮಾತ್ರ ಆ ಪಂಕ್ತಿಯಿಂದ ಎಬ್ಬಿಸಿದರು: ಕಾಲವುಂಟು, ಆದರೆ ಅದಕ್ಕೆ ಕಾಯವಿಲ್ಲ. ಸ್ಟೋಯಿಕರೂ ಕಾಲಕ್ಕೆ ಕಾಯ ಕೊಡಲಿಲ್ಲ. ಆದುದರಿಂದ ಅವರ ಪಾರಿಭಾಷಿಕಕ್ಕೆ ‘ಕಾಯ’, ‘ಅಕಾಯ’ ಎಂಬ ಎರಡು ಶಬ್ದ ನಮ್ಮ ಮನೆಯಲ್ಲೇ ಸಿದ್ಧವಾಗಿವೆ. ಹಾಗೆಂದು ಇಬ್ಬರೂ ಒಂದೇ ಎನ್ನಕೂಡದು. ಜೈನರ ಜೀವ ಪುದ್ಗಲವಲ್ಲ. ಸ್ಟೋಯಿಕರ ಆತ್ಮ ಕಾಯವೇ. ಶಬ್ದ ಎರವಲು ತರಬಹುದು, ಸಿದ್ಧಾಂತವನ್ನಲ್ಲ.

ಅಕಾಯಗಳು ನಾಲ್ಕು. ಶೂನ್ಯ, ಸ್ಥಳ, ಕಾಲ, ನಾಲ್ಕನೆಯದು ‘ಲೆಕ್ಟೋನ್’. ಇವು ‘ಇಲ್ಲ’ವೆನ್ನಲಾಗದು, ಕಾಯಗಳಂತೆ ‘ಇವೆ’ಯೆನ್ನಲೂ ಆಗದು. ಕಾಯ, ಅಕಾಯ ಎರಡನ್ನೂ ಒಳಗೊಳ್ಳಲು ಸ್ಟೋಯಿಕರು ‘ಇರವು’ ಎಂಬುದಕ್ಕಿಂತ ಮೇಲಿನ ಒಂದು ಸಾಮಾನ್ಯಪದ ಹುಡುಕಿದರು. ಅದಕ್ಕೆ ‘ಏನೋ ಒಂದು’ ಎಂದರು. ಪ್ಲೇಟೋನಿಂದ ಮೊದಲ್ಗೊಂಡು ಎಲ್ಲರೂ ‘ಇರವು’ ಎಂಬುದೇ ಅತ್ಯಂತ ವಿಶಾಲವಾದ ಪದವೆಂದು ತಲೆಬಾಗಿದ್ದಾಗ, ಅದಕ್ಕಿಂತ ವಿಶಾಲವಾದದ್ದು ‘ಏನೋ ಒಂದು’ ಎಂದವರ ಎದೆಗಾರಿಕೆಯನ್ನು ಮೆಚ್ಚಬೇಕು.

ಲೆಕ್ಟೋನ್ ಎಂದರೆ ನುಡಿಯಬಹುದಾದದ್ದು. ನಾನು ‘ನುಡಿಯರ್ಥ’ ಎಂದು ಕರೆಯುತ್ತೇನೆ. ‘ವಾಚ್ಯ’ ಎನ್ನಬಹುದಿತ್ತು, ಆದರೆ ಅಲಂಕಾರಿಕರು ಲಕ್ಷ್ಯ ವ್ಯಂಗ್ಯಗಳ ಜೊತೆಗೆ ಅದನ್ನು ಕಟ್ಟಿಹಾಕಿದ್ದಾರೆ. ಸೆಕ್ಸ್‌ಟಸ್ ಎಂಪಿರಿಕಸ್ ಎಂಬ ಸಂದೇಹವಾದಿ ಸ್ಟೋಯಿಕರ ಅಭಿಪ್ರಾಯವನ್ನು ವರದಿ ಮಾಡಿದ್ದಾನೆ. ಮಾತಿನಲ್ಲಿ ಮೂರು ಸಂಗತಿಗಳು. ಧ್ವನಿಯೊಂದು, ಹೊರಗಿನ ವಸ್ತುವೊಂದು, ಇವೆರಡೂ ಕಾಯಗಳು. ಮೂರನೆಯದು, ಧ್ವನಿಯನ್ನು ನಮ್ಮಂತೆಯೇ ಕೇಳಿಯೂ ಪರಭಾಷೆಯವನಿಗೆ ದಕ್ಕದೆ ಹೋಗುವಂಥದು. ಅದೇ ನುಡಿಯರ್ಥ, ಅದೇ ಅಕಾಯ.

ನಾನಿರುವ ಲೋಂಡಾದಲ್ಲಿ ಇದಕ್ಕೆ ವ್ಯಾಖ್ಯಾನ ಬೇಕಾಗಿಲ್ಲ. ಬೆಳಗಾವಿಯ ಹಾದಿ, ಹುಬ್ಬಳ್ಳಿಯ ಹಾದಿ, ಕ್ಯಾಸಲ್‌ರಾಕ್ ಇಳಿದು ಗೋವೆಗೆ ಹೋಗುವ ಹಾದಿ ಮೂರೂ ಕೂಡುವ ಜಂಕ್ಷನ್ ಇದು. ಫಲಾಟಿನ ಮೇಲೆ ಕನ್ನಡ, ಮರಾಠಿ, ಕೊಂಕಣಿ ಒಟ್ಟಿಗೆ ಕಿವಿಗೆ ಬೀಳುತ್ತವೆ. ಗಾಡಿ ತಡವೆಂದು ಕನ್ನಡದಲ್ಲಿ ಕೂಗಿದರೆ ನನ್ನ ಕಿವಿಗೆ ಬಡಿದ ಗಾಳಿಯೇ ಪಕ್ಕದ ಪರಸ್ಥಳದವನ ಕಿವಿಗೂ ಬಡಿಯುತ್ತದೆ. ನಾನು ಚಹಕ್ಕೆ ಹೋಗುತ್ತೇನೆ. ಅವನು ಗಂಟು ಹೊತ್ತು ಅಂಚಿನಲ್ಲಿ ನಿಂತಿರುತ್ತಾನೆ. ಇಬ್ಬರಿಗೂ ಧ್ವನಿ ಒಂದೇ, ಗಾಡಿಯೂ ಒಂದೇ. ವ್ಯತ್ಯಾಸವಾದದ್ದು ಯಾವುದರಿಂದ? ಗಾಳಿಯಲ್ಲಿಯೂ ಇಲ್ಲದ, ಗಾಡಿಯಲ್ಲಿಯೂ ಇಲ್ಲದ ಆ ಮೂರನೆಯದರಿಂದ.

ಇಲ್ಲಿ ನಮ್ಮ ಪಂಡಿತರ ಮೇಲೆ ಒಂದು ಸಣ್ಣ ದೂರು ಹೇಳದೆ ಮುಂದೆ ಹೋಗಲಾರೆ. ಈಜಿಪ್ಟಿನ ಆಕ್ಸಿರಿಂಕಸ್ಸಿನಲ್ಲಿ ದೊರೆತು 1903ರಲ್ಲಿ ಅಚ್ಚಾದ ಪಪೈರಸ್ ಒಂದರಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಚಾರಿಟಿಯೋನ್ ಎಂಬ ಗ್ರೀಕ್ ಹೆಣ್ಣು ಹಿಂದೂದೇಶದ ಕರಾವಳಿಯಲ್ಲಿ ಸಿಕ್ಕಿಬಿದ್ದ ಕತೆ. ಅದರಲ್ಲಿ ಬರುವ ಪರಭಾಷೆಯ ಮಾತುಗಳು ಕನ್ನಡವೆಂದು 1904ರಲ್ಲಿ ಹುಲ್ಷ್ ಎಂಬ ಜರ್ಮನ್ ವಿದ್ವಾಂಸರು ಸೂಚಿಸಿದರು. ಆರ್. ಶಾಮಶಾಸ್ತ್ರಿಗಳು, ಮಂಜೇಶ್ವರದ ಗೋವಿಂದ ಪೈಗಳು ಅದರ ಮೇಲೆ ಶ್ರಮಪಟ್ಟರು. ಒಪ್ಪದವರೂ ಉಂಟು. ಅದು ಕನ್ನಡವೇ ಆಗಿರಲಿ ಎಂದು ನನಗೂ ಆಸೆಯಿದೆ. ಆದರೆ ಆ ಪ್ರಹಸನದಲ್ಲಿ ಆ ಮಾತುಗಳ ಕೆಲಸವೇನು? ಗ್ರೀಕ್ ಪ್ರೇಕ್ಷಕರು ಅರ್ಥವಾಗದ ಸದ್ದನ್ನು ಕೇಳಿ ನಗಬೇಕು, ಅಷ್ಟೆ. ಧ್ವನಿಯುಂಟು, ನುಡಿಯರ್ಥವಿಲ್ಲ! ಪಪೈರಸ್ಸು ಸುಮಾರು ಎರಡನೆಯ ಶತಮಾನದ್ದೆನ್ನುತ್ತಾರೆ. ಮಾರ್ಕಸ್ ಅರೇಲಿಯಸ್ ತನ್ನ ಸ್ವಗತಗಳನ್ನು ಗ್ರೀಕಿನಲ್ಲಿ ಬರೆದುಕೊಂಡ ಶತಮಾನವೂ ಅದೇ. ಗ್ರೀಕರ ನಗೆನಾಟಕದಲ್ಲಿ ನಮ್ಮ ಐದಾರು ಶಬ್ದ ಬಿದ್ದಿದ್ದವೋ ಇಲ್ಲವೋ ಎಂದು ನೂರಿಪ್ಪತ್ತು ವರ್ಷದಿಂದ ಜಗಳವಾಡಿದ ನಾವು, ಆ ಗ್ರೀಕರ ತಲೆಯಲ್ಲಿ ಏನಿತ್ತೆಂದು ಕೇಳಲು ಅದರ ಕಾಲುಭಾಗ ಉತ್ಸಾಹವನ್ನೂ ತೋರಿಸಲಿಲ್ಲ. ಬಿ. ಎಂ. ಶ್ರೀಕಂಠಯ್ಯನವರು ಸೋಫೋಕ್ಲಿಸನ ‘ಏಜಾಕ್ಸ್’ ನಾಟಕವನ್ನು ‘ಅಶ್ವತ್ಥಾಮನ್’ ಆಗಿಸಿದ್ದು 1929ರಲ್ಲಿ. ಗ್ರೀಕ್ ರುದ್ರನಾಟಕಕ್ಕೆ ಅಂಥ ರಾಜಮರ್ಯಾದೆಯ ಸ್ವಾಗತ ದೊರೆಯಿತು. ಗ್ರೀಕ್ ತತ್ತ್ವಕ್ಕೆ ಅಂಥ ಒಬ್ಬ ಶ್ರೀಕಂಠಯ್ಯ ಸಿಕ್ಕಲಿಲ್ಲ.

ಇನ್ನು ನನ್ನ ಮುಖ್ಯ ವಾದಕ್ಕೆ ಬರುತ್ತೇನೆ. ಕಾರಣವೆಂದರೇನು ಎಂಬುದಕ್ಕೆ ಸ್ಟೋಯಿಕರು ಕೊಟ್ಟ ಉದಾಹರಣೆ: ಚೂರಿ ಒಂದು ಕಾಯ, ಮಾಂಸ ಇನ್ನೊಂದು ಕಾಯ. ಚೂರಿಯು ಮಾಂಸಕ್ಕೆ ಏನನ್ನು ಉಂಟುಮಾಡಿತು? ಮತ್ತೊಂದು ಕಾಯವನ್ನಲ್ಲ. ‘ಕೊಯ್ಯಲ್ಪಡುವುದು’ ಎಂಬುದನ್ನು. ಅದು ಒಂದು ಆಖ್ಯಾತ, ಒಂದು ನುಡಿಯರ್ಥ, ಅಕಾಯ. ಹೀಗೆ ಲೋಕದಲ್ಲಿ ಎರಡು ಪದರಗಳು. ಆಳದಲ್ಲಿ ಕಾಯ ಕಾಯವನ್ನು ತಟ್ಟುತ್ತ, ಬೆರೆಯುತ್ತ ಇರುತ್ತದೆ. ಮೇಲ್ಮೈಯಲ್ಲಿ ‘ಆಗುವುದು’ ಎಂಬುದು, ಮಂಜು ಕಾಡಿನ ಮೇಲೆ ನಿಲ್ಲುವಂತೆ ನಿಂತಿರುತ್ತದೆ. ಮರಕ್ಕೆ ಹಸುರೆಂಬ ಗುಣ ‘ಇದೆ’ ಎನ್ನಬೇಡಿ, ಮರ ‘ಹಸುರಾಗುತ್ತಿದೆ’ ಎನ್ನಿ ಎಂದು ಫ್ರೆಂಚ್ ವ್ಯಾಖ್ಯಾನಕಾರರು ಇದನ್ನು ವಿವರಿಸುತ್ತಾರೆ. ಈ ಒಂದು ವಾಕ್ಯವನ್ನು ಇಂಗ್ಲಿಷಿಗೆ ತರಲು ಭಾಷಾಂತರಕಾರರು ಬಣ್ಣದ ಹೆಸರನ್ನು ತಿರುಚಿ ಕ್ರಿಯಾಪದ ಮಾಡಬೇಕಾಯಿತು. ನಮಗೆ ತಿರುಚುವ ಕಷ್ಟವೇ ಇಲ್ಲ. ಚಿಗುರು ಎಂಬುದು ನಮ್ಮಲ್ಲಿ ನಾಮಪದವೂ ಹೌದು, ಧಾತುವೂ ಹೌದು. ಕೊನರು ಹಾಗೆಯೇ, ಬೆಳಗು ಹಾಗೆಯೇ. ಬೆಳಗಾಯಿತು, ಮಳೆಯಾಯಿತು, ಮದುವೆಯಾಯಿತು, ಗಾಯವಾಯಿತು: ‘ಆಗು’ ಎಂಬ ಧಾತುವಿಲ್ಲದೆ ಕನ್ನಡಿಗನು ಒಂದು ದಿನ ಬದುಕಲಾರ.

ಇದಕ್ಕಿಂತ ಬಲವಾದ ಸಾಕ್ಷಿ ಇನ್ನೊಂದಿದೆ. ಸ್ಟೋಯಿಕರು ಆಖ್ಯಾತಗಳನ್ನು ವಿಂಗಡಿಸಿದ ರೀತಿಯನ್ನು ಪ್ರಾಚೀನ ವೈಯಾಕರಣರು ಉಳಿಸಿಕೊಟ್ಟಿದ್ದಾರೆ. ‘ಸಾಕ್ರಟೀಸನು ನಡೆಯುತ್ತಾನೆ’ ಎಂಬಲ್ಲಿ ಹೆಸರು ಪ್ರಥಮಾ ವಿಭಕ್ತಿಯಲ್ಲಿದೆ. ಅದು ಒಂದು ಜಾತಿ. ಇನ್ನೊಂದು ಜಾತಿಗೆ ಅವರು ಬೇರೆಯೇ ಹೆಸರಿಟ್ಟರು. ಅದರ ಉದಾಹರಣೆ ಗ್ರೀಕಿನಲ್ಲಿ ‘ಸೋಕ್ರಾತೇಯ್ ಮೆತಾಮೆಲೇಯ್’. ಪದಕ್ಕೆ ಪದವಿಟ್ಟರೆ, ‘ಸಾಕ್ರಟೀಸನಿಗೆ ಪಶ್ಚಾತ್ತಾಪವಾಗುತ್ತದೆ’. ಹೆಸರು ಚತುರ್ಥಿಯಲ್ಲಿ! ಪಶ್ಚಾತ್ತಾಪವನ್ನು ಸಾಕ್ರಟೀಸ್ ಮಾಡುವುದಿಲ್ಲ. ಅವನಿಗೆ ಅದು ಆಗುತ್ತದೆ. ಇಂಗ್ಲಿಷಿನವರು ಇದನ್ನು ‘ಸಾಕ್ರಟೀಸನು ಪಶ್ಚಾತ್ತಾಪಪಡುತ್ತಾನೆ’ ಎಂದು ತಿರುಗಿಸುವಷ್ಟರಲ್ಲಿ ಎರಡು ಜಾತಿಯೂ ಒಂದಾಗಿ, ಸ್ಟೋಯಿಕರು ಎಳೆದ ಗೆರೆ ಅಳಿಸಿಹೋಗುತ್ತದೆ. ಆಮೇಲೆ ಅಡಿಟಿಪ್ಪಣಿಯಲ್ಲಿ ಆ ಗೆರೆಯನ್ನು ಮತ್ತೆ ಎಳೆದು ತೋರಿಸಬೇಕು. ಕನ್ನಡದಲ್ಲಿ ಟಿಪ್ಪಣಿ ಬೇಡ. ನನಗೆ ನೆನಪಾಯಿತು, ನನಗೆ ಹಸಿವಾಗಿದೆ, ಅವಳಿಗೆ ಸಿಟ್ಟು ಬಂತು. ಎಂಟನೆಯ ಇಯತ್ತೆಯ ಹುಡುಗಿಗೆ ಸ್ಟೋಯಿಕರ ಈ ಭೇದವನ್ನು ಐದು ನಿಮಿಷದಲ್ಲಿ ತಿಳಿಸಬಹುದು.

ಇದು ಕನ್ನಡದ ಒಂದರ ಸೊತ್ತಲ್ಲ. ಮರಾಠಿಯವರು ‘ಮಲಾ ಭೂಕ ಲಾಗಲೀ’ ಎನ್ನುತ್ತಾರೆ; ಕೊಂಕಣಿಯವರ ‘ಮ್ಹಾಕಾ’ ಸಹ ಅದೇ ವಿಭಕ್ತಿ. ಗಡಿಯ ವಿಷಯದಲ್ಲಿ ಇಷ್ಟು ದಶಕ ಕಾದಾಡಿದ ನಾವೆಲ್ಲ ಹಸಿವಿನ ವ್ಯಾಕರಣದಲ್ಲಿ ಒಮ್ಮತದವರು! ವ್ಯಾಕರಣದಿಂದ ತತ್ತ್ವ ಹುಟ್ಟಿಬಿಡುತ್ತದೆಂದು ನಾನು ಹೇಳುತ್ತಿಲ್ಲ. ಚತುರ್ಥಿ ಬಲ್ಲವರೆಲ್ಲ ಸ್ಟೋಯಿಕರಾದರೆ ಲೋಂಡಾದ ಸಂತೆಯಲ್ಲಿ ಬೆಲೆಗಾಗಿ ಜಗಳವೇ ಇರಬಾರದಿತ್ತು. ನಾನು ಹೇಳುವುದಿಷ್ಟೆ: ಈ ತತ್ತ್ವವನ್ನು ಹಿಡಿಯಲು ಬೇಕಾದ ಹಿಡಿಕೆ ನಮ್ಮ ಭಾಷೆಯಲ್ಲಿದೆ, ನಾವು ಅದನ್ನು ಬಿಟ್ಟು ಹಿಡಿಕೆಯಿಲ್ಲದ ಕಡೆಯಿಂದ ಹಿಡಿಯಹೋಗಿ ಕೈ ಸುಟ್ಟುಕೊಳ್ಳುತ್ತಿದ್ದೇವೆ.

ಫ್ರೆಂಚರು ಹಿಡಿದ ಬಗೆ ನೋಡಿ. 1908ರಲ್ಲಿ ಎಮಿಲ್ ಬ್ರೇಯೆ ಎಂಬ ಮೂವತ್ತೆರಡರ ತರುಣ ವಿದ್ವಾಂಸ ಪ್ರಾಚೀನ ಸ್ಟೋಯಿಕರ ಅಕಾಯಸಿದ್ಧಾಂತದ ಮೇಲೆ ಒಂದು ತೆಳ್ಳನೆಯ ಪುಸ್ತಕ ಬರೆದ. ಚೂರಿ ಮತ್ತು ಮಾಂಸದ ಉದಾಹರಣೆಯ ಮಹತ್ವವನ್ನು ಎತ್ತಿ ತೋರಿದವನು ಆತ. 1953ರಲ್ಲಿ ವಿಕ್ತೋರ್ ಗೋಲ್ಡ್‌ಷ್ಮಿಟ್ ಸ್ಟೋಯಿಕರ ಕಾಲವಿಚಾರವನ್ನು ಹಿಡಿದು ಇನ್ನೊಂದು ಗ್ರಂಥ ಬರೆದ. ಹೀಗೆ ಅರವತ್ತು ವರ್ಷ ಗ್ರೀಕ್ ಚೂರುಗಳ ನಡುವೆ ಕುಳಿತು ಮಾಡಿದ ಕೆಲಸದ ಮೇಲೆ 1969ರಲ್ಲಿ ದೆಲ್ಯೂಝ್ ತನ್ನ ‘ಅರ್ಥದ ತರ್ಕ’ವನ್ನು ಕಟ್ಟಿದ. ಅವನ ‘ಘಟನೆ’ ಎಂಬ ಪರಿಕಲ್ಪನೆ ಸ್ಟೋಯಿಕರ ನುಡಿಯರ್ಥವೇ. ಬ್ರೇಯೆಯ ಋಣವನ್ನು ಅವನು ಮುಚ್ಚಿಡಲಿಲ್ಲ. ಜೋಯೆ ಬೂಸ್ಕೆ ಎಂಬ ಕವಿಯ ನಿದರ್ಶನವನ್ನು ಅವನು ತರುತ್ತಾನೆ. 1918ರ ಮೇ ತಿಂಗಳಲ್ಲಿ ಯುದ್ಧಭೂಮಿಯಲ್ಲಿ ಗುಂಡು ತಗುಲಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿ, 1950ರಲ್ಲಿ ಸಾಯುವವರೆಗೆ ಹಾಸಿಗೆಯಲ್ಲೇ ಬಾಳಿದ ಮನುಷ್ಯ. ಗುಂಡು ಒಂದು ಕಾಯ, ಬೆನ್ನೆಲುಬು ಒಂದು ಕಾಯ. ‘ಗಾಯವಾಗುವುದು’ ಎಂಬ ಅಕಾಯಕ್ಕೆ ತಾನು ಯೋಗ್ಯನಾಗಿ ಬದುಕುವುದು ಹೇಗೆ ಎಂಬುದೇ ಬೂಸ್ಕೆಯ ಬಾಳಿನ ಪ್ರಶ್ನೆಯಾಯಿತೆಂದು ದೆಲ್ಯೂಝ್ ಬರೆಯುತ್ತಾನೆ. ‘ಸಹಿಸಿಕೋ’ ಎಂಬ ಗುಳಿಗೆಗೂ ಇದಕ್ಕೂ ಇರುವ ಅಂತರವನ್ನು ಓದುಗರೇ ಅಳೆಯಲಿ.

ಫೂಕೋವಿನ ಕತೆ ಬೇರೆ. 1982ರಲ್ಲಿ ಕೊಲೇಜ್ ದ ಫ್ರಾನ್ಸಿನ ಉಪನ್ಯಾಸಗಳಲ್ಲಿಯೂ, ಸಾಯುವ ವರ್ಷ 1984ರಲ್ಲಿ ಹೊರಬಂದ ಪುಸ್ತಕದಲ್ಲಿಯೂ ಅವನು ಸೆನೆಕ, ಎಪಿಕ್ಟೀಟಸ್, ಮಾರ್ಕಸರನ್ನು ಬಹು ಆದರದಿಂದ ಓದಿದ. ತನ್ನನ್ನು ತಾನು ತಿದ್ದಿಕೊಳ್ಳುವ ಕಲೆಯನ್ನು ಅವರಲ್ಲಿ ಕಂಡ. ಗ್ರೀಕ್ ಲ್ಯಾಟಿನ್ ಎರಡರಲ್ಲಿ ಗಟ್ಟಿಗನಾದ ಪಿಯೆರ್ ಆದೋ ಎತ್ತಿದ ಆಕ್ಷೇಪ ಇಷ್ಟು: ನೀನು ಅವರ ವಿಶ್ವವಿಚಾರವನ್ನು ಬಿಟ್ಟೆ, ಅವರು ತಮ್ಮನ್ನು ಚೆಂದಗೊಳಿಸಿಕೊಳ್ಳಲು ಹೊರಟವರಲ್ಲ, ತಾವು ವಿಶ್ವದ ಒಂದು ಅಂಗವೆಂದು ಅರಿಯಲು ಹೊರಟವರು. ಫೂಕೋವಿನಂಥವನಿಗೇ ಈ ಆಕ್ಷೇಪ ತಗುಲಿದ ಮೇಲೆ ನಮ್ಮ ಪುಸ್ತಕದಂಗಡಿಯ ಸ್ಟೋಯಿಕರ ಗತಿಯೇನು? ಜಗಳವಾದರೂ ಅದು ಜಗಳ. ಇಬ್ಬರೂ ಮೂಲಗ್ರಂಥ ಎದುರಿಗಿಟ್ಟುಕೊಂಡು ಕಾದಿದವರು.

ನಮ್ಮಲ್ಲಿ ಏನಾಗಿದೆ? ನವ್ಯದ ಕಾಲದಲ್ಲಿ ಸಾರ್ತ್ರ್, ಕಾಮೂ ಬಂದರು. ಬರಲಿ, ಅವರಿಂದ ಒಳ್ಳೆಯ ಕತೆಗಳೂ ಹುಟ್ಟಿದವು. ಅನಂತರ ಬಂದವರು ಕತೆಯನ್ನಾದರೂ ಕೊಟ್ಟರೆ ಎಂದರೆ ಅದೂ ಇಲ್ಲ. ‘ಅರ್ಥದ ತರ್ಕ’ ಇಂಗ್ಲಿಷಿಗೆ ಬಂದದ್ದು 1990ರಲ್ಲಿ, ಇಪ್ಪತ್ತೊಂದು ವರ್ಷ ತಡವಾಗಿ. ಅದರ ಮೇಲೆ ಇಂಗ್ಲಿಷಿನಲ್ಲಿ ಕೈಪಿಡಿಗಳಾದವು. ಆ ಕೈಪಿಡಿಗಳಿಂದ ನಮ್ಮ ವಿಚಾರ ಸಂಕಿರಣಗಳಿಗೆ ಸಾರ ಇಳಿಯಿತು. ಗ್ರೀಕಿನಿಂದ ಫ್ರೆಂಚಿಗೆ, ಫ್ರೆಂಚಿನಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕೈಪಿಡಿಗೆ, ಅಲ್ಲಿಂದ ಕನ್ನಡಕ್ಕೆ. ನಾಲ್ಕು ಮನೆ ಸುತ್ತಿ ಬಂದ ಮಜ್ಜಿಗೆಯಲ್ಲಿ ಮೊಸರಿನ ರುಚಿ ಹುಡುಕಬೇಕು. ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬ ‘ಘಟನೆ’ ಎಂಬ ಶಬ್ದವನ್ನು ತನ್ನ ಪ್ರಬಂಧದಲ್ಲಿ ಹದಿನೆಂಟು ಸಲ ಬಳಸಿದ್ದ. ಏನಪ್ಪಾ ಇದರ ಅರ್ಥ ಎಂದರೆ, ‘ಸರ್, ದೆಲ್ಯೂಝ್ ಅರ್ಥದಲ್ಲಿ’ ಎಂದ. ಹುಡುಗನ ತಪ್ಪೇನೂ ಅಲ್ಲ. ‘ಗಾಯವಾಯಿತು’ ಎಂದು ಕಾಲು ಎಡವಿದಾಗಲೆಲ್ಲ ಅವನು ನುಡಿದದ್ದೇ ಅದು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಇನ್ನೊಂದು ದಿಕ್ಕಿನಿಂದ ಬರುವ ಬಾಣವೂ ನನಗೆ ಗೊತ್ತು. ‘ನಮ್ಮ ಷಡ್ದರ್ಶನಗಳಲ್ಲಿ ಇಲ್ಲದ್ದು ಈ ಗ್ರೀಕರಲ್ಲೇನಿದೆ?’ ಈ ಮಹಾಶಯರಿಗೆ ಒಂದೇ ಉತ್ತರ: ಇದೆ, ನೋಡಿ. ವೈಶೇಷಿಕರ ಒಂಬತ್ತು ದ್ರವ್ಯಗಳನ್ನು ಎಣಿಸಿ. ಪೃಥ್ವಿ, ಅಪ್ಪು, ತೇಜಸ್ಸು, ವಾಯು, ಆಕಾಶ, ಕಾಲ, ದಿಕ್ಕು, ಆತ್ಮ, ಮನಸ್ಸು. ಕಾಲವೂ ದಿಕ್ಕೂ ಅಲ್ಲಿ ಗಟ್ಟಿ ದ್ರವ್ಯಗಳು. ಕರ್ಮವೆಂಬ ಚಲನೆಯೂ ಸತ್ತೆಯುಳ್ಳ ಪದಾರ್ಥ. ಸ್ಟೋಯಿಕರು ಇದಕ್ಕೆ ನೇರ ವಿರುದ್ಧ. ಕಾಲಕ್ಕೂ ಸ್ಥಳಕ್ಕೂ ಇರವಿಲ್ಲ. ‘ನಡೆಯುತ್ತಾನೆ’ ಎಂಬ ಆಖ್ಯಾತಕ್ಕೂ ಇರವಿಲ್ಲ. ಇದು ನಮ್ಮಲ್ಲಿ ಇತ್ತು ಎನ್ನುವವರು ಕಣಾದನನ್ನೂ ಓದಿಲ್ಲ, ಕ್ರಿಸಿಪ್ಪಸನನ್ನೂ ಓದಿಲ್ಲ. ಎದುರುಬದುರು ಇಟ್ಟು ನೋಡಿದಾಗ ಇಬ್ಬರ ಧೈರ್ಯವೂ ಹೊಳೆಯುತ್ತದೆ. ಒಬ್ಬರನ್ನು ಇನ್ನೊಬ್ಬರ ಚೀಲಕ್ಕೆ ತುರುಕಿದರೆ ಇಬ್ಬರೂ ಮಬ್ಬಾಗುತ್ತಾರೆ.

ಅಂಥ ತುರುಕುವಿಕೆಯ ಅತಿ ಪ್ರಸಿದ್ಧ ನಮೂನೆ ‘ಸ್ಥಿತಪ್ರಜ್ಞ’ ಎಂಬ ಅನುವಾದ. ಸ್ಟೋಯಿಕ್ ಎಂಬುದಕ್ಕೆ ನಮ್ಮವರ ಲೇಖನಿಯಿಂದ ತಟ್ಟನೆ ಬೀಳುವ ಶಬ್ದ ಇದು; ತಪ್ಪಿದರೆ ‘ನಿರ್ಭಾವುಕ’. ಎರಡೂ ಸಲ್ಲವು. ಗೀತೆಯ ಎರಡನೆಯ ಅಧ್ಯಾಯದ ಸ್ಥಿತಪ್ರಜ್ಞ ನಿಂತಿರುವುದು ದೇಹಕ್ಕಿಂತ ಬೇರೆಯಾದ, ಕೊಲ್ಲಲಾಗದ ಆತ್ಮನ ನೆಲೆಯಲ್ಲಿ. ಸ್ಟೋಯಿಕ್ ಜ್ಞಾನಿಗೆ ಅಂಥ ನೆಲೆಯಿಲ್ಲ. ಅವನ ಆತ್ಮವೂ ಕಾಯ. ಮತ್ತು ಅವನು ಭಾವಹೀನನಲ್ಲ. ಆನಂದ, ಎಚ್ಚರ, ಒಳ್ಳೆಯ ಇಚ್ಛೆ ಎಂಬ ಮೂರು ಭಾವಗಳು ಜ್ಞಾನಿಗೂ ಉಂಟೆಂದು ಸ್ಟೋಯಿಕರು ಹೆಸರಿಟ್ಟು ಹೇಳಿದ್ದಾರೆ. ಫ್ರಾನ್ಸಿನಲ್ಲಿ ಸಿಮೋನ್ ವೇಯ್ ಎಂಬ ಮಹಿಳೆ, 1943ರಲ್ಲಿ ಮೂವತ್ತನಾಲ್ಕನೆಯ ವಯಸ್ಸಿಗೆ ತೀರಿಕೊಂಡವಳು, ಸ್ಟೋಯಿಕರನ್ನೂ ಗೀತೆಯನ್ನೂ ಒಟ್ಟಿಗೆ ಪ್ರೀತಿಸಿದಳು. ಆದರೆ ಗೀತೆಗಾಗಿ ಅವಳು ಸಂಸ್ಕೃತ ಕಲಿತಳು. ಗ್ರೀಕನ್ನಂತೂ ಚೆನ್ನಾಗಿ ಬಲ್ಲವಳು. ಹೋಲಿಸುವ ಹಕ್ಕು ಹಾಗೆ ದುಡಿದು ಗಳಿಸಿದವರದು.

ಶಬ್ದದ ಜಗಳವೆಂದು ಇದನ್ನು ಕಡೆಗಣಿಸಬಾರದು. ಕೆಲವು ಕಾಲದ ಹಿಂದೆ ಒಂದು ಕಾಲೇಜಿನಲ್ಲಿ ಭಾಷಣಕಾರರೊಬ್ಬರು ಬಂದು ‘ಸ್ಟೋಯಿಕ್ ಮನೋಭಾವ’ವನ್ನು ವಿದ್ಯಾರ್ಥಿಗಳಿಗೆ ಬೋಧಿಸಿದರು. ಕೆಳಗೆ ಕುಳಿತವರು ಖಾನಾಪುರದ ಕಾಡಂಚಿನ ಹಳ್ಳಿಗಳಿಂದ ಮಳೆಗಾಲದಲ್ಲಿ ಹಳ್ಳ ದಾಟಿ ಬರುವ ಮಕ್ಕಳು. ಸಿಗದ್ದಕ್ಕೆ ಆಸೆಪಡಬೇಡಿ, ಬಂದದ್ದನ್ನು ಒಪ್ಪಿಕೊಳ್ಳಿ ಎಂದರು ಭಾಷಣಕಾರರು. ಹೊರಗೆ ಬಂದ ಹುಡುಗಿಯೊಬ್ಬಳು, ‘ಹಣೆಬರಹ ಅಂತ ನಮ್ಮಜ್ಜಿ ದಿನಾ ಹೇಳತಾಳ್ರಿ, ಅದನ್ನ ಇವರು ಮೈಕಿನಾಗ ಹೇಳಿದ್ರು’ ಎಂದಳು. ಸರಿಯಾಗಿಯೇ ಹಿಡಿದಿದ್ದಳು. ಆದರೆ ಕ್ರಿಸಿಪ್ಪಸ್ ಈ ಅಜ್ಜಿಗೆ ಎರಡು ಸಾವಿರದ ಇನ್ನೂರು ವರ್ಷದ ಹಿಂದೆಯೇ ಉತ್ತರ ಕೊಟ್ಟಿದ್ದಾನೆ. ‘ವಾಸಿಯಾಗುವ ಹಣೆಬರಹವಿದ್ದರೆ ವೈದ್ಯನನ್ನು ಕರೆಯದಿದ್ದರೂ ವಾಸಿಯಾಗುತ್ತದೆ, ಇಲ್ಲದಿದ್ದರೆ ಕರೆದರೂ ಆಗುವುದಿಲ್ಲ, ಆದ್ದರಿಂದ ಕರೆಯಬೇಡ’ ಎಂಬ ವಾದಕ್ಕೆ ಪ್ರಾಚೀನರು ‘ಸೋಮಾರಿ ವಾದ’ವೆಂದೇ ಹೆಸರಿಟ್ಟಿದ್ದರು. ಸಿಸೆರೋ ಇದನ್ನು ವಿಧಿಯನ್ನು ಕುರಿತ ತನ್ನ ಗ್ರಂಥದಲ್ಲಿ ಕೊಟ್ಟಿದ್ದಾನೆ. ಕ್ರಿಸಿಪ್ಪಸನ ಮಾತು: ವಾಸಿಯಾಗುವುದು ವಿಧಿಯಾದರೆ, ವೈದ್ಯನನ್ನು ಕರೆಯುವುದೂ ಅದರೊಂದಿಗೇ ವಿಧಿಸಿದ್ದು. ಉರುಳೆಯನ್ನು ತಳ್ಳಿದವರು ಬೇರೆ ಇರಬಹುದು. ಅದು ಉರುಳುವುದು ತನ್ನ ಆಕಾರದಿಂದ. ಕಾರಣಗಳ ಸರಪಳಿಯಲ್ಲಿ ಆ ಹುಡುಗಿ ಹಳ್ಳ ದಾಟುವುದೂ ಒಂದು ಕೊಂಡಿ, ಓದುವುದೂ ಒಂದು ಕೊಂಡಿ. ವಿಶ್ವವಿಚಾರವನ್ನು ಕಿತ್ತೊಗೆದು ನೀತಿಯನ್ನು ಮಾತ್ರ ಹಂಚಿದರೆ, ದುಡಿಯಲು ಹೇಳಿದ ದರ್ಶನ ಕೈಕಟ್ಟಿ ಕೂರಲು ಹೇಳುವ ಬೋಧೆಯಾಗುತ್ತದೆ. ಬಡವರ ಮಕ್ಕಳಿಗೆ ಅದನ್ನು ಹೇಳುವುದು ಹೇಳುವವರಿಗೆ ಬಹಳ ಅನುಕೂಲ.

ಈ ಕೆಲಸಕ್ಕೆ ನಮ್ಮ ಕಡೆ ಪರಂಪರೆಯೇ ಇಲ್ಲವೆಂದು ಯಾರೂ ಹೇಳಕೂಡದು. ರಾಮಚಂದ್ರ ದತ್ತಾತ್ರೇಯ ರಾನಡೆಯವರು 1886ರಲ್ಲಿ ಹುಟ್ಟಿದ್ದು ಜಮಖಂಡಿಯಲ್ಲಿ. 1957ರಲ್ಲಿ ದೇಹವಿಟ್ಟದ್ದು ನಿಂಬಾಳದಲ್ಲಿ. ಬೆಳಗಾವಿಯಲ್ಲಿ ಅವರ ಹೆಸರಿನ ಮಂದಿರವಿದೆ, ತೌಲನಿಕ ತತ್ತ್ವಶಾಸ್ತ್ರದ ಅಕಾಡೆಮಿಯಿದೆ. ಭಕ್ತರು ಅವರನ್ನು ಗುರುದೇವರೆಂದು ಪೂಜಿಸುತ್ತಾರೆ, ಪೂಜಿಸಲಿ. ಆದರೆ ಅವರು ಫರ್ಗ್ಯೂಸನ್ ಕಾಲೇಜಿನಲ್ಲಿಯೂ ಅಲಹಾಬಾದಿನಲ್ಲಿಯೂ ಪಾಠ ಹೇಳಿದ ಪ್ರೊಫೆಸರು. ಹೆರಾಕ್ಲೈಟಸನ ಮೇಲೆ, ಎಲಿಯಾದ ದಾರ್ಶನಿಕರನ್ನು ಅರಿಸ್ಟಾಟಲ್ ಖಂಡಿಸಿದ ಬಗೆಯ ಮೇಲೆ ಪ್ರಬಂಧ ಬರೆದವರು. 1926ರ ಅವರ ಉಪನಿಷತ್ ಗ್ರಂಥದಲ್ಲಿ ಗ್ರೀಕರು ಮತ್ತೆ ಮತ್ತೆ ಬರುತ್ತಾರೆ. ಸ್ಟೋಯಿಕರ ವಿಶ್ವಾಗ್ನಿ ಬಂದದ್ದು ಆ ಹೆರಾಕ್ಲೈಟಸನಿಂದಲೇ. ಎಂದ ಮೇಲೆ ಪಡಸಾಲೆಯ ಬಾಗಿಲವರೆಗೆ ಜಮಖಂಡಿಯವರೊಬ್ಬರು ನಮ್ಮನ್ನು ಕರೆದೊಯ್ದು ನಿಲ್ಲಿಸಿದ್ದರು. ಅವರ ಬಳಿಕ ಒಳಗೆ ಹೆಜ್ಜೆ ಇಡಬೇಕಾದವರು ಹೊರಗೆ ನಿಂತು ಆರತಿ ಎತ್ತಿದರು. ಕನ್ನಡ ಸಂತಸಾಹಿತ್ಯದ ಮೇಲಿನ ಅವರ ಪುಸ್ತಕ 1960ರಲ್ಲಿ ಹೊರಬಂತು; ಅದನ್ನು ನಮ್ಮವರು ಆಗಾಗ ಹೆಸರಿಸುತ್ತಾರೆ. ಗ್ರೀಕ್ ಪ್ರಬಂಧಗಳ ಹೆಸರನ್ನು ಕನ್ನಡ ವಿಭಾಗದಲ್ಲಿ ಎತ್ತಿದರೆ ಇವನಿಗೆ ಊರ ಉಸಾಬರಿ ಏಕೆ ಎಂಬ ನೋಟ ಸಿಗುತ್ತದೆ.

ಬೇಕಾದದ್ದು ಮಹಾಯೋಜನೆಯಲ್ಲ. ಡಯೊಜನಿಸ್ ಲೇರ್ಷಿಯಸನ ಏಳನೆಯ ಸಂಪುಟ, ಸೆಕ್ಸ್‌ಟಸ್ಸಿನ ಹತ್ತಾರು ಪುಟ, ಸೆನೆಕನ ಐವತ್ತೆಂಟನೆಯ ಮತ್ತು ನೂರಹದಿನೇಳನೆಯ ಪತ್ರಗಳು, ಸಿಸೆರೋನ ವಿಧಿವಿಚಾರ, ಬ್ರೇಯೆಯ ಆ ತೆಳ್ಳನೆಯ ಪುಸ್ತಕ. ಎಲ್ಲ ಸೇರಿದರೂ ಒಂದು ಮಧ್ಯಮ ಗಾತ್ರದ ಕಾದಂಬರಿಯಷ್ಟಾಗದು. ಗ್ರೀಕ್ ಬಲ್ಲವರೊಬ್ಬರು, ಫ್ರೆಂಚ್ ಬಲ್ಲವರೊಬ್ಬರು, ಕೇಶಿರಾಜನನ್ನು ಬಲ್ಲ ಕನ್ನಡದವರೊಬ್ಬರು ಮೂರು ಬೇಸಿಗೆ ರಜೆ ಒಟ್ಟಿಗೆ ಕುಳಿತರೆ ಆಗುವ ಕೆಲಸ. ಮೂರನೆಯವನ ಜಾಗಕ್ಕೆ ನಾನು ಸಿದ್ಧ. ಸಂಬಳವೂ ಬೇಡ, ಸನ್ಮಾನವೂ ಬೇಡ. ‘ನುಡಿಯರ್ಥ’ ಎಂಬ ನನ್ನ ಶಬ್ದ ಒಗ್ಗದವರು ಬೇರೊಂದನ್ನು ತರಲಿ, ಪಟ್ಟು ಹಿಡಿಯುವುದಿಲ್ಲ. ‘ಅಕಾಯ’ದ ಬಗೆಗೆ ಜೈನಶಾಸ್ತ್ರ ಬಲ್ಲವರು ಆಕ್ಷೇಪಿಸಿದರೆ ಕೇಳಿಕೊಂಡು ತಿದ್ದೋಣ. ‘ಸ್ಥಿತಪ್ರಜ್ಞ’ನನ್ನು ಮಾತ್ರ ಯಾರೂ ಮತ್ತೆ ಕರೆತರಬಾರದು.